ಊರ ಶಾಲೆಯ ಸೂತ್ರ ಯಾರ ಕೈಯಲ್ಲಿದೆ?

ಮಕ್ಕಳ ವಿದ್ಯಾಭ್ಯಾಸದ ಮಾತು ಬಂದಾಗ ನಮ್ಮ ಮನೆಗಳಲ್ಲಿ ಮೊದಲು ಏಳುವ ಪ್ರಶ್ನೆ, ಯಾವ ಶಾಲೆಗೆ ಸೇರಿಸುವುದು ಎಂಬುದು. ಆ ಶಾಲೆಯನ್ನು ನಡೆಸುವವರು ಯಾರು, ಅದರ ಖರ್ಚಿಗೆ ಹಣ ಎಲ್ಲಿಂದ ಬರುತ್ತದೆ, ಪಾಠ ಸರಿಯಾಗಿ ನಡೆಯದಿದ್ದರೆ ಉತ್ತರ ಕೊಡಬೇಕಾದವರು ಯಾರು ಎಂದು ನಾವು ವಿಚಾರಿಸುವುದು ಅಪರೂಪ. ವಿಚಾರಿಸಿದರೂ "ಸರ್ಕಾರ" ಎಂಬ ಒಂದೇ ಮಾತಿನಲ್ಲಿ ಉತ್ತರ ಮುಗಿದುಹೋಗುತ್ತದೆ. ಆ ಒಂದು ಮಾತಿನ ಒಳಗೆ ಏನೇನಿದೆ, ಅದರಲ್ಲಿ ಪೋಷಕರ ಪಾಲೆಷ್ಟು ಎಂಬುದನ್ನು ಮಾಗಡಿ ತಾಲ್ಲೂಕಿನ ಕುದೂರು ಹೋಬಳಿಯನ್ನು ಮುಂದಿಟ್ಟುಕೊಂಡು ನೋಡೋಣ.

ಭೈರವನದುರ್ಗದ ಮಗ್ಗುಲಲ್ಲಿರುವ ಕುದೂರು ಹೋಬಳಿ ಕೇಂದ್ರ. ಸುತ್ತಲಿನ ಹಳ್ಳಿಗಳ ಜನ ವ್ಯವಹಾರಕ್ಕೂ, ಮಕ್ಕಳ ಮೇಲಿನ ತರಗತಿಗಳ ಓದಿಗೂ ಇಲ್ಲಿಗೆ ಬರುತ್ತಾರೆ. ನೂರು ವರ್ಷಗಳ ಹಿಂದೆ ಈ ಭಾಗದಲ್ಲಿ ಓದು ಅಷ್ಟು ಸುಲಭವಾಗಿರಲಿಲ್ಲ. ಇದೇ ತಾಲ್ಲೂಕಿನ ವೀರಾಪುರದಲ್ಲಿ ಜನಿಸಿ, ಮುಂದೆ ಸಿದ್ಧಗಂಗೆಯಲ್ಲಿ ಸಾವಿರಾರು ಬಡ ಮಕ್ಕಳಿಗೆ ಅನ್ನ, ಅಕ್ಷರ ನೀಡಿದ ಡಾ. ಶಿವಕುಮಾರ ಸ್ವಾಮಿಗಳೇ ಬಾಲ್ಯದಲ್ಲಿ ಮೇಲಿನ ಓದಿಗಾಗಿ ತುಮಕೂರು ಸೀಮೆಯ ನಾಗವಲ್ಲಿಗೆ ಹೋಗಬೇಕಾಯಿತು. ಇಂದು ಹಳ್ಳಿ ಹಳ್ಳಿಗೂ ಶಾಲೆ ಬಂದಿದೆ. ಆದರೆ ಆ ಶಾಲೆಯಲ್ಲಿ ಮಕ್ಕಳು ಉಳಿಯುತ್ತಾರೆಯೆ ಎಂಬುದು ಈಗಿನ ಚಿಂತೆ.

ಅಮೆರಿಕದ ಶಾಲಾ ಜಿಲ್ಲೆ

ನಮ್ಮ ವ್ಯವಸ್ಥೆಯನ್ನು ತಿಳಿಯಲು ಅದಕ್ಕೆ ತೀರ ಭಿನ್ನವಾದ ಇನ್ನೊಂದನ್ನು ಪಕ್ಕದಲ್ಲಿಟ್ಟು ನೋಡುವುದು ಒಳ್ಳೆಯದು. ನಮ್ಮ ಅನೇಕ ಕುಟುಂಬಗಳ ಮಕ್ಕಳು, ಮೊಮ್ಮಕ್ಕಳು ಅಮೆರಿಕದಲ್ಲಿ ನೆಲೆಸಿದ್ದಾರೆ. ಅಲ್ಲಿ ಮನೆ ಹುಡುಕುವವರು ಮೊದಲು ಕೇಳುವುದು, ಈ ಮನೆ ಯಾವ ಶಾಲಾ ಜಿಲ್ಲೆಗೆ ಸೇರಿದೆ ಎಂದು.

ಶಾಲಾ ಜಿಲ್ಲೆ ಎಂದರೆ ನಮ್ಮ ಕಂದಾಯ ಜಿಲ್ಲೆಯಂತಲ್ಲ. ಶಾಲೆಗಳನ್ನು ನಡೆಸುವುದಕ್ಕೆಂದೇ ಇರುವ ಸ್ಥಳೀಯ ಆಡಳಿತ ಅದು. ಅಮೆರಿಕದಲ್ಲಿ ಇಂಥವು ಸುಮಾರು 13,000 ಇವೆ. ಕೆಲವು ಮಹಾನಗರವನ್ನೇ ಒಳಗೊಂಡರೆ ಕೆಲವು ನಮ್ಮ ಒಂದು ಹೋಬಳಿಗಿಂತಲೂ ಚಿಕ್ಕವು. ಹೆಚ್ಚಿನ ಕಡೆಗಳಲ್ಲಿ ಊರಿನವರೇ ಮತ ಹಾಕಿ ಶಾಲಾ ಮಂಡಳಿಯನ್ನು ಆರಿಸುತ್ತಾರೆ. ಆ ಮಂಡಳಿ ಒಬ್ಬ ಮೇಲ್ವಿಚಾರಕರನ್ನು ನೇಮಿಸುತ್ತದೆ. ಶಿಕ್ಷಕರ ನೇಮಕ, ಸಂಬಳದ ಒಪ್ಪಂದ, ಕಟ್ಟಡ, ವಾಹನ ಎಲ್ಲವೂ ಅಲ್ಲಿಯೇ ತೀರ್ಮಾನವಾಗುತ್ತವೆ. ಮಂಡಳಿಯ ಸಭೆ ಸಾರ್ವಜನಿಕರಿಗೆ ತೆರೆದಿರುತ್ತದೆ. ನ್ಯೂಯಾರ್ಕ್ ರಾಜ್ಯದ ಹೆಚ್ಚಿನ ಶಾಲಾ ಜಿಲ್ಲೆಗಳಲ್ಲಿ ಪ್ರತಿ ವರ್ಷ ಮೇ ತಿಂಗಳಲ್ಲಿ ಶಾಲೆಯ ಆಯವ್ಯಯವನ್ನೇ ಊರಿನವರ ಮತಕ್ಕೆ ಹಾಕುತ್ತಾರೆ. ಇದರ ಬೇರು ಹಳೆಯದು. 50 ಮನೆಗಳಿರುವ ಪ್ರತಿ ಊರೂ ಒಬ್ಬ ಉಪಾಧ್ಯಾಯರನ್ನು ಇಟ್ಟುಕೊಳ್ಳಬೇಕೆಂದು ಮ್ಯಾಸಚೂಸೆಟ್ಸ್‌ನಲ್ಲಿ ಕಾನೂನಾದದ್ದು 1647ರಲ್ಲಿ.

ಕೇಳಲು ಇದು ಬಹು ಸೊಗಸಾಗಿದೆ. ಆದರೆ ಇದಕ್ಕೊಂದು ಕಹಿ ಮುಖವೂ ಉಂಟು. ಅಲ್ಲಿ ಶಾಲೆಯ ಹಣದ ದೊಡ್ಡ ಪಾಲು ಸ್ಥಳೀಯ ಆಸ್ತಿ ತೆರಿಗೆಯಿಂದ ಬರುತ್ತದೆ. ದೊಡ್ಡ ಬೆಲೆಯ ಮನೆಗಳಿರುವ ಊರಿನ ಶಾಲೆಗೆ ಹೆಚ್ಚು ಹಣ, ಬಡವರ ಊರಿನ ಶಾಲೆಗೆ ಕಡಿಮೆ ಹಣ. ಟೆಕ್ಸಾಸ್ ರಾಜ್ಯದ ಬಡ ಪೋಷಕರು ಈ ಅನ್ಯಾಯವನ್ನು ಪ್ರಶ್ನಿಸಿ ಮೊಕದ್ದಮೆ ಹೂಡಿದಾಗ, ಇದು ಒಕ್ಕೂಟದ ಸಂವಿಧಾನಕ್ಕೆ ವಿರುದ್ಧವಲ್ಲವೆಂದು ಅಮೆರಿಕದ ಸುಪ್ರೀಂ ಕೋರ್ಟ್ 1973ರಲ್ಲಿ ಐದು ನ್ಯಾಯಮೂರ್ತಿಗಳ ಬಹುಮತದಿಂದ ತೀರ್ಪಿತ್ತಿತು, ನಾಲ್ವರು ಒಪ್ಪಲಿಲ್ಲ. ಹಲವು ರಾಜ್ಯಗಳು ತಮ್ಮ ಹಣ ಸೇರಿಸಿ ಅಂತರವನ್ನು ತಗ್ಗಿಸಲು ಯತ್ನಿಸಿವೆಯಾದರೂ ಅದು ಪೂರ್ತಿ ಅಳಿದಿಲ್ಲ. ಅಂದರೆ ಅಧಿಕಾರ ಊರಿಗೆ ಬಂದರೆ ಊರಿನ ಬಡತನವೂ ಅದರ ಜೊತೆಗೇ ಬರುತ್ತದೆ.

ನಮ್ಮಲ್ಲಿನ ಏಣಿ

ಈಗ ಕುದೂರಿಗೆ ಬರೋಣ. ಹಳ್ಳಿಯ ಸರ್ಕಾರಿ ಶಾಲೆಯ ಮುಖ್ಯೋಪಾಧ್ಯಾಯರಿಗೆ ಮೇಲೆ ಸಮೂಹ ಸಂಪನ್ಮೂಲ ವ್ಯಕ್ತಿಯ ಮಾರ್ಗದರ್ಶನವಿದೆ. ತಾಲ್ಲೂಕಿಗೆ ಮಾಗಡಿಯಲ್ಲಿ ಕ್ಷೇತ್ರ ಶಿಕ್ಷಣಾಧಿಕಾರಿಗಳು. ಅವರ ಮೇಲೆ ಜಿಲ್ಲೆಯ ಉಪನಿರ್ದೇಶಕರು. ಮಾಗಡಿ ತಾಲ್ಲೂಕು ಮೊದಲು ಬೆಂಗಳೂರು ಗ್ರಾಮಾಂತರ ಜಿಲ್ಲೆಯಲ್ಲಿದ್ದು, 2007ರಲ್ಲಿ ರಚನೆಯಾದ ರಾಮನಗರ ಜಿಲ್ಲೆಗೆ ಸೇರಿತು. ಆ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂದು ಹೆಸರಿಡಲು ಸಚಿವ ಸಂಪುಟ 2025ರ ಮೇ ತಿಂಗಳಲ್ಲಿ ಒಪ್ಪಿತು. ಉಪನಿರ್ದೇಶಕರಿಗೂ ಮೇಲೆ ಬೆಂಗಳೂರಿನಲ್ಲಿ ಶಾಲಾ ಶಿಕ್ಷಣ ಇಲಾಖೆ.

ಶಿಕ್ಷಕರ ನೇಮಕ, ಸಂಬಳ, ಪಠ್ಯಪುಸ್ತಕ, ಪರೀಕ್ಷೆ ಎಲ್ಲದರ ತೀರ್ಮಾನ ಈ ಏಣಿಯ ಮೇಲ್ತುದಿಯಲ್ಲಿದೆ. ವರ್ಗಾವಣೆ ಕಾನೂನಿನಂತೆ ಕೌನ್ಸೆಲಿಂಗ್ ಮೂಲಕ ನಡೆಯುತ್ತದೆ. ಒಳ್ಳೆಯ ಶಿಕ್ಷಕರನ್ನು ಉಳಿಸಿಕೊಳ್ಳುವ ಅಧಿಕಾರವಾಗಲಿ, ಖಾಲಿ ಹುದ್ದೆಯನ್ನು ತುಂಬಿಕೊಳ್ಳುವ ಅಧಿಕಾರವಾಗಲಿ ಊರಿಗಿಲ್ಲ. ಇದರಲ್ಲಿ ಒಂದು ನ್ಯಾಯವೂ ಇದೆ ಎಂಬುದನ್ನು ಮರೆಯಬಾರದು. ಕುದೂರಿನ ಸುತ್ತಿನ ಬಡ ಹಳ್ಳಿಯ ಶಿಕ್ಷಕರಿಗೂ ಬೆಂಗಳೂರಿನ ಶಿಕ್ಷಕರಿಗೂ ಮೂಲ ವೇತನದ ಶ್ರೇಣಿ ಒಂದೇ. ಊರಿನ ಮನೆಗಳ ಬೆಲೆಗೆ ತಕ್ಕಂತೆ ಇಲ್ಲಿ ಪಾಠದ ಹಣ ಏರಿಳಿಯುವುದಿಲ್ಲ. ಹಣದಲ್ಲಿ ಸಮಾನತೆ ಬಂತು, ಅಧಿಕಾರ ದೂರವಾಯಿತು.

ಬಂದದ್ದು, ಹೋದದ್ದು, ಮತ್ತೆ ಬಂದದ್ದು

ಊರಿನವರ ಕೈಗೆ ಶಾಲೆಯನ್ನು ಕೊಡುವ ಯೋಚನೆ ನಮ್ಮ ನಾಡಿಗೆ ಹೊಸದೇನಲ್ಲ. ಹಳೆಯ ಮೈಸೂರು ಸಂಸ್ಥಾನದಲ್ಲಿ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1913ರಲ್ಲಿ ಪ್ರಾಥಮಿಕ ಶಿಕ್ಷಣವನ್ನು ಕಡ್ಡಾಯಗೊಳಿಸುವ ಶಾಸನ ಬಂದಿತು. 1930ರ ಶಾಸನ ಪ್ರಾಥಮಿಕ ಶಾಲೆಗಳ ಆಡಳಿತವನ್ನು ಸ್ಥಳೀಯ ಶಿಕ್ಷಣ ಪ್ರಾಧಿಕಾರಗಳಿಗೆ ವಹಿಸಿತು. ಆದರೆ ಹೆಚ್ಚು ಕಾಲ ಹಾಗೆ ನಡೆಯಲಿಲ್ಲ. 1941ರ ಶಾಸನದಿಂದ ಆ ಹೊಣೆ ಮರಳಿ ಸರ್ಕಾರಕ್ಕೇ ಸೇರಿತು. 1987ರಲ್ಲಿ ಜಿಲ್ಲಾ ಪರಿಷತ್ತುಗಳು ಅಸ್ತಿತ್ವಕ್ಕೆ ಬಂದು, 1993ರ ಪಂಚಾಯತ್ ರಾಜ್ ಅಧಿನಿಯಮದಲ್ಲಿ ಮೂರು ಹಂತದ ಪಂಚಾಯಿತಿಗಳಾದ ಮೇಲೆ ಶಾಲೆಗಳ ಉಸ್ತುವಾರಿಯಲ್ಲಿ ಚುನಾಯಿತರಿಗೆ ಪಾಲು ದೊರೆಯಿತು.

ನಿಜವಾಗಿ ಪೋಷಕರ ಬಾಗಿಲಿಗೆ ಬಂದದ್ದು 2001ರ ಸರ್ಕಾರಿ ಆದೇಶ. ಹಿಂದಿನ ಗ್ರಾಮ ಶಿಕ್ಷಣ ಸಮಿತಿಯ ಬದಲು ಪ್ರತಿ ಶಾಲೆಗೂ ಒಂದು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಅಂದರೆ ಎಸ್.ಡಿ.ಎಂ.ಸಿ. ರಚಿತವಾಯಿತು. ಆ ಶಾಲೆಯಲ್ಲಿ ಓದುವ ಮಕ್ಕಳ ಪೋಷಕರೇ ತಮ್ಮವರನ್ನು ಆರಿಸುವುದು ಇದರ ವಿಶೇಷ. 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯಿದೆ ಇಂಥ ಸಮಿತಿಗೆ ಕಾನೂನಿನ ಬಲ ಕೊಟ್ಟಿತು. ಸದಸ್ಯರಲ್ಲಿ ಮುಕ್ಕಾಲು ಪಾಲು ಪೋಷಕರಿರಬೇಕು, ಅರ್ಧದಷ್ಟು ಮಹಿಳೆಯರಿರಬೇಕು. ಶಾಲೆಯ ಕೆಲಸವನ್ನು ಗಮನಿಸುವುದು, ಅನುದಾನದ ಬಳಕೆಯನ್ನು ನೋಡುವುದು, ಶಾಲೆಯ ಅಭಿವೃದ್ಧಿ ಯೋಜನೆಯನ್ನು ಸಿದ್ಧಪಡಿಸುವುದು ಇವರ ಕರ್ತವ್ಯ.

ಅಮೆರಿಕದ ಶಾಲಾ ಮಂಡಳಿಯಂತೆ ಈ ಸಮಿತಿ ತೆರಿಗೆ ಹಾಕಲಾರದು, ಶಿಕ್ಷಕರನ್ನು ನೇಮಿಸಲಾರದು. ಆದರೂ ಶಾಲೆಗೆ ಬಂದ ಹಣ ಹೇಗೆ ಖರ್ಚಾಯಿತೆಂದು ಕೇಳಬಲ್ಲದು, ಬಿಸಿಯೂಟವನ್ನು ರುಚಿ ನೋಡಬಲ್ಲದು, ಶಿಕ್ಷಕರ ಹಾಜರಿಯನ್ನು ವಿಚಾರಿಸಬಲ್ಲದು. ಇಷ್ಟು ಅಧಿಕಾರವನ್ನಾದರೂ ನಾವು ಬಳಸಿದ್ದೇವೆಯೆ? ಎಷ್ಟೋ ಕಡೆ ಸಭೆಯ ಪುಸ್ತಕ ಮನೆಮನೆಗೆ ಬಂದು ಸಹಿ ಪಡೆದು ಹೋಗುತ್ತದೆ. ಮಹಿಳಾ ಸದಸ್ಯರ ಸ್ಥಾನದಲ್ಲಿ ಅವರ ಯಜಮಾನರು ಕುಳಿತಿರುತ್ತಾರೆ. ಹಕ್ಕು ಕಾಗದದಲ್ಲಿ ಉಳಿದರೆ ಅದರಿಂದ ಮಗುವಿಗೇನು ಫಲ?

ಮಕ್ಕಳ ಸಂಖ್ಯೆ ಇಳಿದಾಗ

ಹಳ್ಳಿಯ ಶಾಲೆಯ ಇಂದಿನ ದೊಡ್ಡ ಸಂಕಟ ಮಕ್ಕಳ ಕೊರತೆ. ಬೆಳಗಾಗುತ್ತಲೇ ಖಾಸಗಿ ಶಾಲೆಯ ಹಳದಿ ವಾಹನ ಹಳ್ಳಿಯ ಅರಳಿಕಟ್ಟೆಯವರೆಗೂ ಬರುತ್ತದೆ. ಸಾಲ ಮಾಡಿಯಾದರೂ ಇಂಗ್ಲಿಷ್ ಮಾಧ್ಯಮದಲ್ಲಿ ಓದಿಸಬೇಕೆಂಬ ಆಸೆಯನ್ನು ನಾವು ಹಳಿಯುವುದಿಲ್ಲ. ಮಗುವಿನ ಮುಂದಿನ ಬದುಕಿಗಾಗಿ ತಂದೆತಾಯಿಗಳು ಮಾಡುವ ತ್ಯಾಗ ಅದು. ಸರ್ಕಾರವೂ ಈ ಬೇಡಿಕೆಗೆ ಮಣಿದು 2019-20ನೇ ಸಾಲಿನಲ್ಲಿ ಒಂದು ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ತರಗತಿಗಳನ್ನು ಆರಂಭಿಸಿತು.

ಆದರೆ ಲೆಕ್ಕವೊಂದನ್ನು ಗಮನಿಸಬೇಕು. ಶಿಕ್ಷಣ ಹಕ್ಕು ಕಾಯಿದೆಯಂತೆ ಒಂದರಿಂದ ಐದನೆಯ ತರಗತಿಯವರೆಗೆ 60 ಮಕ್ಕಳವರೆಗೂ ಇಬ್ಬರು ಶಿಕ್ಷಕರು. 60 ದಾಟಿದರೆ ಮೂವರು, 90 ದಾಟಿದರೆ ನಾಲ್ವರು. ಮಕ್ಕಳು ಕಡಿಮೆಯಾದಂತೆ ಶಿಕ್ಷಕರು "ಹೆಚ್ಚುವರಿ" ಎನಿಸಿ ಬೇರೆಡೆಗೆ ಹೋಗುತ್ತಾರೆ. ಶಿಕ್ಷಕರು ಕಡಿಮೆಯಾದರೆಂದು ಉಳಿದ ಪೋಷಕರೂ ಮಕ್ಕಳನ್ನು ಬಿಡಿಸುತ್ತಾರೆ. ಕೊನೆಗೆ ಉಳಿಯುವುದು ವಾಹನದ ಶುಲ್ಕ ಕಟ್ಟಲಾರದ ಬಡವರ ಮಕ್ಕಳು ಮಾತ್ರ. ಖಾಸಗಿ ಶಾಲೆಯಲ್ಲಿ ಉಚಿತ ಸೀಟಿನ ದಾರಿಯೂ ಕಿರಿದಾಗಿದೆ. ನೆರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆಯಿದ್ದರೆ ಆ ಸೌಲಭ್ಯ ದೊರೆಯದಂತೆ 2019-20ನೇ ಸಾಲಿನಿಂದ ನಿಯಮ ಬದಲಾಯಿತು. ಊರಿನ ಅನುಕೂಲಸ್ಥರು ಶಾಲೆಯನ್ನು ತೊರೆದಾಗ ಶಾಲೆಯ ಪರವಾಗಿ ಕೇಳುವ ದನಿಯೂ ಅವರೊಡನೆ ಹೊರಟುಹೋಗುತ್ತದೆ.

ಚಿಕ್ಕ ಶಾಲೆಯೆಂದರೆ ಕೆಟ್ಟ ಶಾಲೆಯೇನಲ್ಲ. ಒಬ್ಬಿಬ್ಬರು ಶಿಕ್ಷಕರು ಹಲವು ತರಗತಿಗಳನ್ನು ಒಟ್ಟಿಗೆ ಕಲಿಸುವ "ನಲಿ-ಕಲಿ" ಪದ್ಧತಿ 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಹಳ್ಳಿಶಾಲೆಗಳಲ್ಲಿ, ಶಿಕ್ಷಕರ ಶ್ರಮದಿಂದಲೇ ರೂಪುಗೊಂಡು, 2009-10ರಲ್ಲಿ ನಾಡಿಗೆಲ್ಲ ಹಬ್ಬಿತು. ಕೆಳಗಿನಿಂದ ಬಂದ ಒಳ್ಳೆಯ ಯೋಚನೆ ಏಣಿಯ ಮೇಲ್ತುದಿಯನ್ನೂ ಮುಟ್ಟಬಲ್ಲದು ಎಂಬುದಕ್ಕೆ ಇದೇ ಸಾಕ್ಷಿ.

ಫಲಿತಾಂಶವನ್ನು ಓದುವ ಬಗೆ

ಶಾಲೆ ಹೇಗಿದೆ ಎಂದರೆ ನಾವು ಎಸ್.ಎಸ್.ಎಲ್.ಸಿ. ಫಲಿತಾಂಶದ ಶೇಕಡಾವಾರು ಕೇಳುತ್ತೇವೆ. ಅದನ್ನು ಎಚ್ಚರದಿಂದ ಓದಬೇಕು. ಕೋವಿಡ್ ಕಾಲದ 2021ರಲ್ಲಿ ಸರಳ ಪರೀಕ್ಷೆ ನಡೆದು ಬಹುತೇಕ ಎಲ್ಲರೂ ತೇರ್ಗಡೆಯಾದರು. 2023ರಲ್ಲಿ ರಾಜ್ಯದ ಫಲಿತಾಂಶ ಶೇ. 83.89, ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಕಣ್ಗಾವಲು ಬಂದ 2024ರಲ್ಲಿ, ಕೃಪಾಂಕವನ್ನು ಹೆಚ್ಚಿಸಿದ ಮೇಲೂ, ಅದು ಶೇ. 73.40ಕ್ಕೆ ಇಳಿಯಿತು. ಒಂದೇ ವರ್ಷದಲ್ಲಿ ನಾಡಿನ ಮಕ್ಕಳೆಲ್ಲ ದಡ್ಡರಾದರೆಂದು ಅರ್ಥವಲ್ಲ. ಅಳೆಯುವ ಕೋಲು ಬದಲಾಯಿತು. ಹಳ್ಳಿಯ ಪ್ರೌಢಶಾಲೆಯಲ್ಲಿ 20 ಮಕ್ಕಳಿದ್ದರೆ ಒಬ್ಬರು ಅನುತ್ತೀರ್ಣರಾದರೂ ಫಲಿತಾಂಶ ಶೇ. 5ರಷ್ಟು ಕುಸಿಯುತ್ತದೆ. ಅಷ್ಟರಿಂದಲೇ ಶಾಲೆಯನ್ನು ಹೊಗಳುವುದೂ ತೆಗಳುವುದೂ ಸಲ್ಲದು.

ಹತ್ತನೆಯ ತರಗತಿಯವರೆಗೆ ಕಾಯುವುದೂ ಬೇಡ. ಐದನೆಯ ತರಗತಿಯ ಮಗುವಿನ ಕೈಗೆ ಎರಡನೆಯ ತರಗತಿಯ ಪುಸ್ತಕ ಕೊಟ್ಟು ಒಂದು ಪುಟ ಓದಿಸಿ, ಒಂದು ಸರಳ ಭಾಗಾಕಾರ ಮಾಡಿಸಿ. ದೇಶದ ಹಳ್ಳಿಗಳಲ್ಲಿ 2005ರಿಂದ ನಡೆಯುತ್ತಿರುವ "ಅಸರ್" ಸಮೀಕ್ಷೆಯ ಕ್ರಮವೂ ಹೆಚ್ಚು ಕಡಿಮೆ ಇದೇ. ಮಗು ತಡವರಿಸಿದರೆ, ಶಾಲೆ ಸರ್ಕಾರದ್ದಾಗಲಿ ಖಾಸಗಿಯದಾಗಲಿ, ಅಂದೇ ಎಚ್ಚರಗೊಳ್ಳಬೇಕು.

ನಮ್ಮ ಕೈಯಲ್ಲಿರುವುದು

ಹಾಗಾದರೆ ಪೋಷಕರು ಏನು ಮಾಡಬಹುದು? ಮೊದಲನೆಯದಾಗಿ, ಎಸ್.ಡಿ.ಎಂ.ಸಿ. ಸಭೆಗೆ ಹೋಗಬೇಕು, ಸದಸ್ಯರಾಗಿರುವ ತಾಯಂದಿರು ತಾವೇ ಹೋಗಿ ಮಾತನಾಡಬೇಕು. ಎರಡನೆಯದಾಗಿ, ಶಾಲಾಭಿವೃದ್ಧಿ ಯೋಜನೆಯನ್ನು ಓದಿಸಿ ಕೇಳಿ, ಬೇಕಾದುದನ್ನು ಅದರಲ್ಲಿ ಬರೆಸಬೇಕು. ಮೂರನೆಯದಾಗಿ, ಗ್ರಾಮ ಪಂಚಾಯಿತಿ ನಡೆಸುವ ಮಕ್ಕಳ ಗ್ರಾಮಸಭೆಗೆ ಮಕ್ಕಳನ್ನು ಕಳುಹಿಸಬೇಕು. ಶೌಚಾಲಯಕ್ಕೆ ನೀರಿಲ್ಲವೆಂಬುದನ್ನು ಮಕ್ಕಳಿಗಿಂತ ಸ್ಪಷ್ಟವಾಗಿ ಹೇಳುವವರಿಲ್ಲ. ಇಷ್ಟಾದರೂ ಕೆಲಸವಾಗದಿದ್ದರೆ, ಮಗುವಿನ ಹಕ್ಕಿಗೆ ಸಂಬಂಧಿಸಿದ ದೂರನ್ನು ಸ್ಥಳೀಯ ಪ್ರಾಧಿಕಾರಕ್ಕೆ ಬರಹದಲ್ಲಿ ಕೊಡಲು ಶಿಕ್ಷಣ ಹಕ್ಕು ಕಾಯಿದೆಯ 32ನೆಯ ಪ್ರಕರಣ ಅವಕಾಶ ನೀಡಿದೆ; ಮೂರು ತಿಂಗಳೊಳಗೆ ಅದು ಇತ್ಯರ್ಥವಾಗಬೇಕು.

ನಮ್ಮ ಹಿರಿಯರು ಮನೆಮನೆಯಿಂದ ರಾಗಿ, ಅಕ್ಕಿ ಎತ್ತಿ ವಿದ್ಯಾರ್ಥಿ ನಿಲಯಗಳನ್ನು ಬೆಳೆಸಿದವರು. 1910ರಲ್ಲಿ ವಿಜಯಪುರದಲ್ಲಿ, 1916ರಲ್ಲಿ ಬೆಳಗಾವಿಯಲ್ಲಿ ದೊಡ್ಡ ವಿದ್ಯಾಸಂಸ್ಥೆಗಳನ್ನು ಕಟ್ಟಿದವರು. ಶಾಲೆಯೆಂಬುದು ಇಡೀ ಸಮಾಜದ ಹೊಣೆಯೆಂದು ಅವರು ತಿಳಿದಿದ್ದರು. ನಮ್ಮ ಮಗು ಆ ಶಾಲೆಯಲ್ಲಿ ಓದಲಿ, ಬಿಡಲಿ, ಊರ ನಡುವಿನ ಸರ್ಕಾರಿ ಶಾಲೆ ನಮ್ಮದೇ. ಅಲ್ಲಿ ಕುಳಿತ ಮಗು ನಮ್ಮ ನೆರೆಮನೆಯದು. ಸೂತ್ರ ಬೆಂಗಳೂರಿನಲ್ಲಿದ್ದರೂ ಅದರ ಒಂದು ಎಳೆಯನ್ನು ಕಾನೂನು ನಮ್ಮ ಕೈಗಿತ್ತಿದೆ. ಮುಂದಿನ ಸಭೆ ಎಂದೆಂದು ಮುಖ್ಯೋಪಾಧ್ಯಾಯರನ್ನು ಕೇಳುವುದರಿಂದಲೇ ಕೆಲಸ ಆರಂಭವಾಗಲಿ.