ಗುರಿಯ ತೋಟಾ, ಬೇಟೆಯ ತೋಟಾ

1857ರ ನವೆಂಬರಿನಲ್ಲಿ ನಿಶ್ಶಸ್ತ್ರೀಕರಣದ ಶಾಸನಕ್ಕೆ ಮಣಿಯದೆ ದಂಗೆಯೆದ್ದ ಹಲಗಲಿಯ ಬೇಡರು ಬೇಟೆಯನ್ನು ಬಲ್ಲ ಜನ. ಅವರ ಗ್ರಾಮವು ಇಂದು ಬಾಗಲಕೋಟೆ ಜಿಲ್ಲೆಗೆ ಸೇರಿದುದು. ಮದ್ದನ್ನೂ ಗುಂಡನ್ನೂ ನಳಿಗೆಯ ಬಾಯಿಂದ ತುಂಬಿ ಗಜದಿಂದ ಜಡಿಯುತ್ತಿದ್ದ ಕಾಲದಲ್ಲಿ, ಮೊಲಕ್ಕೆಷ್ಟು ಮದ್ದು, ಹಂದಿಗೆಷ್ಟು ಎಂಬ ನಿರ್ಣಯವು ಬೇಟೆಗಾರನ ಅಂಗೈಯಲ್ಲಿಯೇ ಇದ್ದಿತು. ಮದ್ದು, ಗುಂಡು, ಕಿಡಿಯೆಬ್ಬಿಸುವ ರಾಸಾಯನಿಕ, ಈ ಮೂರನ್ನೂ ಹಿತ್ತಾಳೆಯ ಕೋಶದಲ್ಲಿ ಅಡಕಗೊಳಿಸಿದ ತೋಟಾ ಬಂದಮೇಲೆ ಆ ನಿರ್ಣಯವು ಕಾರ್ಖಾನೆಗೆ ಸಂದಿತು. ಬಂದೂಕು ಹಿಡಿದವನಿಗೆ ಉಳಿದುದು ಆಯ್ಕೆಯೊಂದೇ. ಗುರಿಯಭ್ಯಾಸಕ್ಕೂ ಬೇಟೆಗೂ ಒಂದೇ ತೋಟಾ ಸಾಲದೇ ಎಂದು ಕೇಳುವವರು ಇಂದಿಗೂ ಉಂಟು.

ಸಾಲದು. ಬೇಟೆಗೆ ಬೇಕಾದುದು ಶಕ್ತಿ. ಗುಂಡಿನ ಚಲನಶಕ್ತಿಯು ತೂಕದೊಡನೆ ನೇರವಾಗಿಯೂ ವೇಗದೊಡನೆ ವರ್ಗಪ್ರಮಾಣದಲ್ಲಿಯೂ ಏರುವುದರಿಂದ, 2.6 ಗ್ರಾಂ ತೂಗುವ, ಸೆಕೆಂಡಿಗೆ 330 ಮೀಟರು ಸಾಗುವ .22 ಅಳತೆಯ ಗುಂಡಿನಲ್ಲಿ ಸುಮಾರು 140 ಜೌಲ್ ಇದ್ದರೆ, 9.7 ಗ್ರಾಂ ತೂಗಿ 880 ಮೀಟರು ವೇಗದಲ್ಲಿ ಹೊರಡುವ .30-06 ಗುಂಡಿನಲ್ಲಿ 3,700 ಜೌಲಿಗೂ ಹೆಚ್ಚು. ಅದಕ್ಕೆ ತಕ್ಕಂತೆ ಬಲವಾದ ಹಿನ್ನೊದೆತವೂ ಹೆಗಲಿಗೆ ಬೀಳುವುದು. ನಾಲ್ಕಾರು ಸುತ್ತು ಹಾರಿಸುವಷ್ಟರಲ್ಲಿ ಕೈ ತಾನಾಗಿ ಬೆದರುವುದು.

ಗುರಿಗೆ ಬೇಕಾದುದು ಸಮತೆ. 50 ಮೀಟರಿನ ಸ್ಪರ್ಧೆಯಲ್ಲಿ ಹತ್ತು ಅಂಕದ ವೃತ್ತದ ವ್ಯಾಸ 10.4 ಮಿ.ಮೀ. ಅಷ್ಟು ದೂರದಲ್ಲಿ .22 ಗುಂಡು ಸುಮಾರು 12 ಸೆಂ.ಮೀ. ಕೆಳಗಿಳಿಯುವುದೆಂಬುದು ಚಿಂತೆಯ ವಿಷಯವಲ್ಲ, ಹಿಂಬದಿಯ ನೋಟದ ಕಂಡಿಯನ್ನು ತುಸು ಏರಿಸಿದರಾಯಿತು. ಆದರೆ ತೋಟಾದಿಂದ ತೋಟಾಕ್ಕೆ ವೇಗವು ಸೆಕೆಂಡಿಗೆ 10 ಮೀಟರಿನಷ್ಟು ಬದಲಾದರೆ ಗುಂಡು ಏಳು ಮಿ.ಮೀ. ಮೇಲೋ ಕೆಳಗೋ ಬಿದ್ದು ವೃತ್ತವೇ ತಪ್ಪೀತು. ಶಬ್ದವೇಗವನ್ನು ಮೀರಿ ಹೊರಟ ಗುಂಡು ದಾರಿಯಲ್ಲಿ ಅದಕ್ಕಿಂತ ಕೆಳಗಿಳಿಯುವ ಸಂಧಿಯಲ್ಲಿ ಅಲುಗುವುದರಿಂದ, ಸ್ಪರ್ಧೆಯ ತೋಟಾವನ್ನು ಮೊದಲಿಂದಲೇ ಆ ಮಿತಿಯೊಳಗೆ ಇರಿಸುತ್ತಾರೆ. ಹುನಗುಂದದ ಬಯಲಿನಂಥ ತೆರೆದ ಎರೆಭೂಮಿಯಲ್ಲಿ ಗಂಟೆಗೆ 16 ಕಿ.ಮೀ. ಅಡ್ಡಗಾಳಿ ಬೀಸಿತೆಂದರೆ ಅದೇ ಗುಂಡು ಎರಡೂವರೆ ಸೆಂ.ಮೀ.ನಷ್ಟು ಪಕ್ಕಕ್ಕೆ ಸರಿಯುವುದು. ಈ ಸರಿತವನ್ನು ಲೆಕ್ಕಹಾಕಲು ಕಲಿಸುವ ಗುರು ಗಾಳಿಯೇ.

ಇನ್ನು ಬೇಟೆಯ ಮಾತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯೂ ಅದರ ತಿದ್ದುಪಡಿಗಳೂ ಆ ಬಾಗಿಲನ್ನು ಮುಚ್ಚಿವೆ. ಬೇಡರು ಅಲೆದ ಸೀಮೆಯ ಯಡಹಳ್ಳಿಯಲ್ಲಿ ಇಂದು ಚಿಂಕಾರಗಳಿಗೆ ಅಭಯಾರಣ್ಯವಿದೆ. ಆದುದರಿಂದ ಪರವಾನಿಗೆ ಪಡೆದ ಅಭ್ಯಾಸಿಗೆ .22 ಒಂದೇ ಸಾಕು. ಅದನ್ನೂ ಬಾದಾಮಿಯ ಮರಳುಗಲ್ಲಿನ ಬಂಡೆಗೋ ಇಳಕಲ್ಲಿನ ಕೆಂಪು ಗ್ರಾನೈಟಿಗೋ ಎದುರಾಗಿ ಹಾರಿಸಬಾರದು, ಕಲ್ಲಿಗೆ ಓರೆಯಾಗಿ ತಾಗಿದ ಗುಂಡು ಸಿಡಿದು ಬೇರೆ ದಿಕ್ಕಿಗೆ ಹೋಗುವುದು. ಗುಂಡನ್ನು ನುಂಗುವ, ಕಲ್ಲಿಲ್ಲದ ಎತ್ತರವಾದ ಮಣ್ಣಿನ ಒಡ್ಡು ಎದುರಿಗಿದ್ದಲ್ಲದೆ ಬಂದೂಕಿನ ಕುದುರೆಗೆ ಬೆರಳಿಡಬೇಡಿರಿ.