ಕಡಲಿನ ಆಮ್ಲತೆ, ತಾಪಮಾನ ಏರಿಕೆ ಮತ್ತು ಮರಿಮೀನುಗಳ ಉಳಿವು

ಕರಾವಳಿ ಗ್ರಾಮ ಪಂಚಾಯಿತಿಗಳ ಮಾನ್ಯ ಸದಸ್ಯರ ಅವಗಾಹನೆಗಾಗಿ ಈ ವಿವರಣೆ.

ಮಾನವ ಚಟುವಟಿಕೆಗಳಿಂದ ಹೊರಬರುವ ಇಂಗಾಲದ ಡೈಆಕ್ಸೈಡ್‌ನ ಸುಮಾರು ಕಾಲು ಭಾಗವನ್ನು ಸಾಗರಗಳು ಹೀರಿಕೊಳ್ಳುತ್ತವೆ. ಅದು ನೀರಿನೊಡನೆ ಸೇರಿ ಕಾರ್ಬಾನಿಕ್ ಆಮ್ಲವಾಗುತ್ತದೆ. ಕೈಗಾರಿಕಾ ಯುಗಕ್ಕೆ ಮೊದಲು ಸುಮಾರು 8.2 ಇದ್ದ ಮೇಲ್ಮೈ ನೀರಿನ ಪಿಎಚ್ ಮೌಲ್ಯ ಈಗ 8.1ರ ಆಸುಪಾಸಿಗೆ ಇಳಿದಿದೆ. ಅಂತರ ಅಲ್ಪವೆನಿಸಿದರೂ, ಆಮ್ಲತೆ ಶೇ. 30ರಷ್ಟು ಹೆಚ್ಚಿದೆ ಎಂಬುದು ಇದರ ಅರ್ಥ. ಭೂಮಿಯಲ್ಲಿ ಸಂಗ್ರಹವಾಗುತ್ತಿರುವ ಹೆಚ್ಚುವರಿ ಶಾಖದ ಶೇ. 90ರಷ್ಟೂ ಸಾಗರವನ್ನೇ ಸೇರುತ್ತಿದೆ.

ಬೆಳೆದ ಮೀನು ಕಿವಿರುಗಳ ಮೂಲಕ ದೇಹದ ಆಮ್ಲತೆಯನ್ನು ಸರಿದೂಗಿಸಿಕೊಳ್ಳಬಲ್ಲದು. ಮೊಟ್ಟೆಯಿಂದ ಆಗಷ್ಟೇ ಹೊರಬಂದ ಮರಿಗೆ ಕಿವಿರುಗಳು ಪೂರ್ಣವಾಗಿ ಬೆಳೆದಿರುವುದಿಲ್ಲ. ನೀರು ಬಿಸಿಯೇರಿದಂತೆ ಮರಿಗೆ ಆಹಾರ ಮತ್ತು ಆಮ್ಲಜನಕ ಹೆಚ್ಚು ಬೇಕಾಗುತ್ತದೆ. ಆದರೆ ಬಿಸಿಯಾದ ನೀರಿನಲ್ಲಿ ಆಮ್ಲಜನಕ ಕಡಿಮೆ ಕರಗುತ್ತದೆ. ಈ ಶತಮಾನದ ಅಂತ್ಯಕ್ಕೆ ನಿರೀಕ್ಷಿಸಲಾದ ಆಮ್ಲತೆಯ ನೀರಿನಲ್ಲಿ ಅಟ್ಲಾಂಟಿಕ್ ಕಾಡ್ ಮೀನಿನ ಮರಿಗಳನ್ನು ಸಾಕಿದಾಗ, ಅವುಗಳ ದೈನಂದಿನ ಸಾವಿನ ಪ್ರಮಾಣ ಇಮ್ಮಡಿಯಾಯಿತು. ಎಲ್ಲ ಜಾತಿಗಳ ಮೇಲೂ ಪರಿಣಾಮ ಒಂದೇ ರೀತಿ ಇರುವುದಿಲ್ಲ.

ನಮ್ಮ ಕಡಲಿನ ಬೂತಾಯಿ ಮುಖ್ಯವಾಗಿ ಮಳೆಗಾಲದಲ್ಲಿ ಮೊಟ್ಟೆಯಿಡುತ್ತದೆ. ಈ ಹಂತದಲ್ಲಿ ಮರಿಗಳು ನಾಶವಾದರೆ ಮುಂದೆ ಬಲೆಗೆ ಬೀಳುವ ಮೀನೂ, ಮೀನುಗಾರ ಕುಟುಂಬಗಳ ಆದಾಯವೂ ಕುಗ್ಗುತ್ತವೆ.

ಜಾಗತಿಕ ಕಾರಣವನ್ನು ಪಂಚಾಯಿತಿಯೊಂದೇ ತಡೆಯಲಾಗದು. ಸ್ಥಳೀಯ ಒತ್ತಡವನ್ನು ತಗ್ಗಿಸಬಹುದು. ಅಳಿವೆಗೆ ಸೇರುವ ಕೊಳಚೆ ಕೊಳೆಯುವಾಗ ಆಮ್ಲಜನಕ ಕುಗ್ಗಿ ಆಮ್ಲತೆ ಏರುತ್ತದೆ; ಆದುದರಿಂದ ಅದನ್ನು ತಡೆಯತಕ್ಕದ್ದು. ಮರಿಗಳಿಗೆ ಆಸರೆಯಾದ ಕಾಂಡ್ಲಾ ವನಗಳನ್ನು ಜೀವವೈವಿಧ್ಯ ನಿರ್ವಹಣಾ ಸಮಿತಿಯ ಮೂಲಕ ದಾಖಲಿಸಿ ರಕ್ಷಿಸುವುದು. ಯಾಂತ್ರೀಕೃತ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ ಇರುವ ನಿಷೇಧದ ಉದ್ದೇಶವನ್ನು ಗ್ರಾಮಸಭೆಯಲ್ಲಿ ವಿವರಿಸಲು ಕೋರಲಾಗಿದೆ.