ಗಣಕ ವ್ಯವಸ್ಥೆಯ ಸಂರಚನಾ ನಿರ್ವಹಣೆ: ಆಡಳಿತಗಾರರ ಹೊಣೆ

ರೈಲ್ವೆ ಟಿಕೆಟ್ ಕಾದಿರಿಸುವುದು, ಬ್ಯಾಂಕಿನಿಂದ ಹಣ ಪಡೆಯುವುದು, ನಿವೃತ್ತಿ ವೇತನದ ಪಾವತಿ ಮುಂತಾದ ಕಾರ್ಯಗಳೆಲ್ಲ ಇಂದು ಗಣಕಯಂತ್ರಗಳನ್ನು ಅವಲಂಬಿಸಿವೆ. ಈ ಯಂತ್ರಗಳನ್ನು ಸುಸ್ಥಿತಿಯಲ್ಲಿಡುವವರೇ ಸಿಸ್ಟಂ ಅಡ್ಮಿನಿಸ್ಟ್ರೇಟರ್, ಅಂದರೆ ಗಣಕ ಆಡಳಿತಗಾರರು. ಅವರ ಕರ್ತವ್ಯಗಳಲ್ಲಿ ಸಂರಚನಾ ನಿರ್ವಹಣೆಯು ಮುಖ್ಯವಾದುದು.

ಸಂರಚನೆ ಎಂದರೇನು?

ಕಚೇರಿಯಲ್ಲಿ ಯಾವ ಯಂತ್ರಗಳಿವೆ, ಅವುಗಳಲ್ಲಿ ಯಾವ ತಂತ್ರಾಂಶದ ಯಾವ ಆವೃತ್ತಿಯಿದೆ, ಅವು ಪರಸ್ಪರ ಹೇಗೆ ಜೋಡಣೆಗೊಂಡಿವೆ, ಯಾರಿಗೆ ಯಾವ ಪ್ರವೇಶಾಧಿಕಾರವಿದೆ ಎಂಬೆಲ್ಲ ಅಂಶಗಳು ಸೇರಿ ಸಂರಚನೆ ಅಥವಾ ಕಾನ್ಫಿಗರೇಷನ್ ಎನಿಸುತ್ತದೆ. ಜಮೀನಿನ ಹಕ್ಕು ಬದಲಾದಾಗ ಪಹಣಿಯಲ್ಲಿ ನಮೂದಾಗದಿದ್ದರೆ ಮುಂದೆ ತಕರಾರು ತಪ್ಪದು. ಗಣಕ ವ್ಯವಸ್ಥೆಗೂ ಅಂತಹುದೇ ದಾಖಲೆ ಅಗತ್ಯ.

ಒಂದು ನಿದರ್ಶನ

2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಕಂಪನಿಯ ಭದ್ರತಾ ತಂತ್ರಾಂಶದ ಒಂದು ದೋಷಯುಕ್ತ ಸಂರಚನಾ ಕಡತವು ಜಗತ್ತಿನಾದ್ಯಂತ ವಿತರಣೆಯಾಯಿತು. ಮೈಕ್ರೋಸಾಫ್ಟ್ ಕಂಪನಿಯ ಅಂದಾಜಿನಂತೆ 85 ಲಕ್ಷ ವಿಂಡೋಸ್ ಯಂತ್ರಗಳು ಬಾಧಿತವಾದವು. ಹೈದರಾಬಾದ್ ಸೇರಿದಂತೆ ನಮ್ಮ ದೇಶದ ಕೆಲವು ವಿಮಾನ ನಿಲ್ದಾಣಗಳಲ್ಲಿ ಪ್ರಯಾಣಿಕರಿಗೆ ಕೈಬರಹದ ಬೋರ್ಡಿಂಗ್ ಪಾಸ್ ನೀಡಬೇಕಾಯಿತು.

ದೋಷಯುಕ್ತ ಕಡತವನ್ನು 78 ನಿಮಿಷಗಳಲ್ಲಿ ಹಿಂಪಡೆಯಲಾಯಿತಾದರೂ ಅಷ್ಟರಲ್ಲಿ ಸ್ಥಗಿತಗೊಂಡಿದ್ದ ಯಂತ್ರಗಳಲ್ಲಿ ಹೆಚ್ಚಿನವನ್ನು ಒಂದೊಂದಾಗಿ ಸುರಕ್ಷಿತ ಸ್ಥಿತಿಯಲ್ಲಿ ಆರಂಭಿಸಿ ಕಡತವನ್ನು ತೆಗೆಯಬೇಕಾಯಿತು. ಮಾಹಿತಿಯನ್ನು ಗೂಢಲಿಪೀಕರಿಸಿದ್ದ ಯಂತ್ರಗಳಿಗೆ ಪುನಃಪ್ರಾಪ್ತಿಯ ಗುಪ್ತಸಂಖ್ಯೆಯೂ ಬೇಕಾಯಿತು. ಇಂತಹ ಕಡತವನ್ನು ತಡೆಹಿಡಿಯುವ ಅವಕಾಶ ಆಗ ಬಳಕೆದಾರ ಸಂಸ್ಥೆಗಳ ಆಡಳಿತಗಾರರಿಗೆ ಇರಲಿಲ್ಲ. ಕಂಪನಿಯು ಅನಂತರವೇ ಅದನ್ನು ಕಲ್ಪಿಸಿತು. ಆದರೆ ಯಾವ ಯಂತ್ರ ಎಲ್ಲಿದೆ, ಅದರ ಗುಪ್ತಸಂಖ್ಯೆ ಯಾವುದು ಎಂಬ ದಾಖಲೆಯನ್ನು ಸಿದ್ಧವಾಗಿಟ್ಟುಕೊಳ್ಳುವುದು ಅವರ ಕೈಯಲ್ಲೇ ಇತ್ತು. ಎಲ್ಲ ವಿಪತ್ತನ್ನೂ ತಡೆಯಲಾಗದು. ಹಿಂದಿನ ಸುಸ್ಥಿತಿಗೆ ಮರಳುವ ದಾರಿಯನ್ನು ಮಾತ್ರ ದಾಖಲೆಯು ತೆರೆದಿಡುತ್ತದೆ.

ಆಡಳಿತಗಾರರ ಕರ್ತವ್ಯಗಳು

1. ಯಂತ್ರಗಳ ಹಾಗೂ ತಂತ್ರಾಂಶಗಳ ಪಟ್ಟಿಯನ್ನು ಕಾಲಕಾಲಕ್ಕೆ ಪರಿಷ್ಕರಿಸುವುದು; ಅದರ ಪ್ರತಿಯನ್ನು ಬೇರೊಂದು ಸುರಕ್ಷಿತ ಸ್ಥಳದಲ್ಲಿಡುವುದು.

2. ಅಂಗೀಕೃತ ಸಂರಚನೆಯನ್ನು ಮಾದರಿಯಾಗಿ ಗೊತ್ತುಪಡಿಸಿ, ಯಂತ್ರಗಳನ್ನು ಆಗಾಗ ಅದರೊಡನೆ ಹೋಲಿಸಿ ನೋಡುವುದು.

3. ಯಾವುದೇ ಬದಲಾವಣೆಗೆ ಮೊದಲು ಲಿಖಿತ ಅನುಮತಿ ಪಡೆಯುವುದು. ಅದನ್ನು ಕೆಲವೇ ಯಂತ್ರಗಳಲ್ಲಿ ಪರೀಕ್ಷಿಸಿ, ಬಳಿಕ ಹಂತಹಂತವಾಗಿ ವಿಸ್ತರಿಸುವುದು.

4. ಬದಲಾವಣೆ ವಿಫಲವಾದರೆ ಹಿಂದಿನ ಸ್ಥಿತಿಗೆ ಮರಳುವ ಕ್ರಮವನ್ನು ಮೊದಲೇ ನಿರ್ಧರಿಸುವುದು.

5. ಯಾರು, ಯಾವಾಗ, ಏನನ್ನು ಬದಲಾಯಿಸಿದರು ಎಂಬುದನ್ನು ದಾಖಲಿಸುವುದು. ಭಾರತೀಯ ಕಂಪ್ಯೂಟರ್ ತುರ್ತು ಸ್ಪಂದನಾ ತಂಡವು 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದಂತೆ, ವ್ಯವಸ್ಥೆಯ ಚಟುವಟಿಕೆಗಳ ದಾಖಲೆಯನ್ನು 180 ದಿನಗಳವರೆಗೆ ಉಳಿಸಿಕೊಳ್ಳಬೇಕು. ನಿರ್ದಿಷ್ಟ ಸೈಬರ್ ಘಟನೆಗಳನ್ನು ಗಮನಕ್ಕೆ ಬಂದ 6 ಗಂಟೆಗಳೊಳಗೆ ವರದಿ ಮಾಡಬೇಕು.

ಸಾರ್ವಜನಿಕರ ಗಮನಕ್ಕೆ

ಇಂತಹ ಅಡಚಣೆಯ ಸಮಯವನ್ನು ವಂಚಕರು ಬಳಸಿಕೊಳ್ಳುತ್ತಾರೆ. 2024ರ ಘಟನೆಯ ಬಳಿಕ ಕಂಪನಿಯ ಸಹಾಯಕರೆಂದು ಹೇಳಿಕೊಂಡು ಮೋಸಗೊಳಿಸುವ ಯತ್ನಗಳು ಕಂಡುಬಂದವು. ಗಣಕ ವಿಭಾಗದವರೆಂದು ದೂರವಾಣಿಯಲ್ಲಿ ಹೇಳಿಕೊಳ್ಳುವವರಿಗೆ ಗುಪ್ತಪದವನ್ನು ತಿಳಿಸಬಾರದು. ಮನೆಯ ಗಣಕಯಂತ್ರದ ಪುನಃಪ್ರಾಪ್ತಿಯ ಗುಪ್ತಸಂಖ್ಯೆಯನ್ನು ಬರೆದು, ಯಂತ್ರದಿಂದ ಬೇರೆಯಾಗಿ ಭದ್ರವಾಗಿಡುವುದು ಕ್ಷೇಮಕರ.